ಆಮಿ ಸೋವಿ ಆಯ್ತು

(ಸಿಂದಗಿಯಲ್ಲಿ ಬಣ್ಣದ ಮೀನು, ಲವ್‌ಬರ್ಡ್ಸ್, ನಾಯಿಮರಿಯ ಬೆಲ್ಟು ಮಾರುವ ಒಂದು ಸಣ್ಣ ಅಂಗಡಿ. ಮಾತಾಡುವವರು ಅಂಗಡಿಯವನು ಮತ್ತು ಒಂದು ಕಾಲಕ್ಕೆ ಅವನಿಗೆ ವಿಜ್ಞಾನ ಕಲಿಸಿ, ಈಗ ನಿವೃತ್ತರಾಗಿ ಇಂಡಿಯಲ್ಲಿರುವ ಮಾಸ್ತರರು. ನಡುವೆ ಮುದ್ದೇಬಿಹಾಳದ ಕಡೆಯ ಒಬ್ಬ ಹೆಣ್ಣುಮಗಳು ಬಂದು ಹೋಗುತ್ತಾರೆ.)

— ಈ ಆಮಿ ಜೋಡಿಗೆ ಎಷ್ಟಪಾ ಈಗ?

— ಬ್ಯಾರೇದವರಿಗೆ ಮುನ್ನೂರೈವತ್ತು ಸರ್. ನಿಮಗ ಮುನ್ನೂರು.

— ನನಗ ಬ್ಯಾಡೋ ಮಾರಾಯ, ಸುಮ್ನ ಕೇಳಿದೆ. ಕೊರೊನಾಕ್ಕಿಂತ ಮೊದಲ ಇದೇ ಅಂಗಡ್ಯಾಗ ಜೋಡಿಗೆ ಸಾವಿರದ ಎರಡ್ನೂರು ಹೇಳಿದ್ದಿ. ನನ್ನ ಮೊಮ್ಮಗ ನೆಲಕ್ಕ ಬಿದ್ದು ಹೊಳ್ಳಾಡಿದ್ದ. ತುಟ್ಟಿ ಅಂತ ಎಬ್ಬಿಸಿಕೊಂಡು ಹೋಗಿದ್ದೆ.

— ಆವಾಗ ನನಗೇ ತುಟ್ಟಿ ಬೀಳ್ತಿತ್ರಿ. ಚೆನ್ನೈದಾಗ ಕೊಳತ್ತೂರ ಅಂತ ಅದ, ಬಣ್ಣದ ಮೀನಿನ ದೊಡ್ಡ ಪ್ಯಾಟಿ. ಅಲ್ಲಿಂದ ಸೊಲ್ಲಾಪುರದ ಹೋಲ್‌ಸೇಲ್ ಮಂದಿಗೆ, ಅವರಿಂದ ನಮಗ. ದಾರ್ಯಾಗ ಒಂದಿಷ್ಟು ಸಾಯ್ತಿದ್ದುವು, ಅವುಗಳ ರೊಕ್ಕಾನೂ ಉಳದವುಗಳ ಮ್ಯಾಲೇ ಹಾಕಬೇಕು. ಈಗ ವಾಟ್ಸಾಪ್‌ನ್ಯಾಗ ಮುಖಾನೇ ನೋಡಲಾರದವ ಫೋಟೋ ಕಳಸ್ತಾನ, ನೂರು ಮರಿ ತಗೊಂಡ್ರ ಇಷ್ಟಕ್ಕ ಬಿಡ್ತೀನಿ ಅಂತಾನ. ಇಂಡ್ಯಾಗ ಅಂಗಡಿ ಆಗ್ಯಾವ, ಬಾಗೇವಾಡ್ಯಾಗ ಆಗ್ಯಾವ. ಎಲ್ಲಾರ ಕಡೀನೂ ಇದೇ ಆಮಿ. ನಾ ಇಪ್ಪತ್ತು ಇಳಿಸಿದ್ರ ಅವ ಐವತ್ತು ಇಳಸ್ತಾನ.

— ನಿಮ್ಮ ಪೈಪೋಟಿಯಿಂದ ಇಳದಿಲ್ಲ ತಮ್ಮಾ ಇದು. ಈ ಬೆಲಿ ಅಮೆರಿಕಾದಾಗ, ಚೀನಾದಾಗ ಎಂದೋ ಬಿದ್ದುಹೋಗಿತ್ತು. ಸಿಂದಗಿ ಮುಟ್ಟಲಿಕ್ಕೆ ಇಷ್ಟು ದಿನ ಹಿಡೀತು ಅಷ್ಟ.

— ಆಮಿ ನಡದುಕೊಂಡು ಬಂದದ ಅನ್ರಿ ಹಂಗಾದ್ರ.

— ನಗಬ್ಯಾಡ, ಕೇಳು. ಕಣ್ಣಿನ ಹಿಂದ ಈ ಕೆಂಪು ಪಟ್ಟಿ ಅದ ನೋಡು. ಕೆಂಪುಕಿವಿ ಆಮಿ ಅಂತಾರ ಇದಕ್ಕ. ಮೂಲ ಅಮೆರಿಕಾದ ಮಿಸಿಸಿಪಿ ಹೊಳಿ ಸೀಮಿ. ಅಲ್ಲಿ ಲೂಸಿಯಾನಾ ರಾಜ್ಯದಾಗ ಇವನ್ನ ಹೊಂಡ ಕಟ್ಟಿ ಸಾಕ್ತಾರ, ತತ್ತಿ ಆರಿಸಿ ಮಷೀನ್‌ನ್ಯಾಗ ಮರಿ ಮಾಡ್ತಾರ. 1975ರಾಗ ಅಲ್ಲಿನ ಸರಕಾರ, ಚಿಪ್ಪು ನಾಲ್ಕು ಇಂಚಿಗಿಂತ ಸಣ್ಣ ಇರೋ ಆಮಿ ಮಾರಬಾರದು ಅಂತ ನಿಷೇಧ ಹಾಕ್ತು. ಸಣ್ಣ ಹುಡುಗೂರು ಅವನ್ನ ಬಾಯಾಗ ಇಟ್ಟುಕೊಂಡು ಸಾಲ್ಮೊನೆಲ್ಲಾ ಬ್ಯಾನಿ ಹಚ್ಚಿಕೊಳ್ತಿದ್ದುವು.

— ನಾವು ಮಾರೋವು ಎಲ್ಲಾ ಒಂದೂವರಿ ಇಂಚಿನವ್ರಿ!

— ಅದಕ್ಕೇ ಹೇಳಿದೆ. ತಮ್ಮ ದೇಶದಾಗ ಮಾರಲಿಕ್ಕೆ ಬರಲಾರದ್ದನ್ನ ಅವರು ಹೊರಗ ಕಳಿಸಿದ್ರು. ಅದರ ಮ್ಯಾಲ 1990ರ ಹೊತ್ತಿಗೆ ನಿಂಜಾ ಟರ್ಟಲ್ ಸಿನಿಮಾ ಬಂತು, ಯುರೋಪಿನ ಹುಡುಗೂರೆಲ್ಲಾ ಆಮಿ ಬೇಕಂತ ಕುಂತವು. ಲಕ್ಷಗಟ್ಟಲೆ ಹೋದವು. ಮೂರ್ನಾಕು ವರ್ಷಕ್ಕ ಅವೇ ಆಮಿ ಕೆರ್ಯಾಗ, ಪಾರ್ಕಿನ ಹೊಂಡದಾಗ ಕಾಣಿಸಿಕೊಂಡುವು. 1997ರಾಗ ಯುರೋಪ್ ಒಕ್ಕೂಟ ಆಮದೇ ನಿಲ್ಲಿಸ್ತು. ಆವಾಗ ಲೂಸಿಯಾನಾದವರು ಚೀನಾಕ್ಕ ತಿರುಗಿದ್ರು. ಚೀನಾದವರು ಮೊದಲ ಮರಿ ಕೊಂಡ್ರು, ಆಮ್ಯಾಲ ತಾವೇ ಫಾರ್ಮ್ ಮಾಡಿದ್ರು. ಹತ್ತು ಹೆಣ್ಣಾಮಿ ಇದ್ದವಗ ಹತ್ತು ವರ್ಷಕ್ಕ ಎಷ್ಟು ಮರಿ ಆಗ್ತಾವ, ಲೆಕ್ಕ ಹಾಕು. ಈ ಜಾತಿ ಒಂದೇ ವರ್ಷದಾಗ ಎರಡು ಮೂರು ಸಲ ತತ್ತಿ ಇಡ್ತದ.

— ಹಾಕೂದು ಬ್ಯಾಡ್ರಿ, ದರ ನೋಡಿದ್ರ ತಿಳೀತದ.

— ಇನ್ನೊಂದು ಮಜಾ ಹೇಳ್ತೀನಿ. ಗಂಡೋ ಹೆಣ್ಣೋ ಅನ್ನೋದು ತತ್ತಿಯ ಕಾವಿನ ಮ್ಯಾಲ ಅದ. 28 ಡಿಗ್ರಿ ಒಳಗ ಇದ್ರ ಗಂಡು, 31 ದಾಟಿದ್ರ ಹೆಣ್ಣು. ಫಾರ್ಮಿನವ ಮಷೀನ್ ಗುಂಡಿ ತಿರುವಿ ತನಗ ಬೇಕಾದಷ್ಟು ಹೆಣ್ಣು ಮಾಡಿಕೊಳ್ತಾನ. ನಮ್ಮ ಏಪ್ರಿಲ್-ಮೇ ಬಿಸಲಾಗ ಹೊಳಿ ದಂಡ್ಯಾಗ ತತ್ತಿ ಇಟ್ರ ಏನಾಗ್ತದ, ನೀನೇ ವಿಚಾರ ಮಾಡು.

— ಎಲ್ಲಾ ಹೆಣ್ಣೇ.

— ಹೆಚ್ಚಿನವು.

— ಆದ್ರ ಸರ್, ಕೆಂಪುಕಿವಿ ಎಂದೂ ಶ್ರೀಮಂತರ ಆಮಿ ಆಗಿರಲಿಲ್ರಿ. ಖರೇ ತುಟ್ಟಿ ಆಮಿ ಬ್ಯಾರೇನೇ ಇದ್ದುವು. ಮುಂಬಯಿ ಕಡೆ ಗೆಳ್ಯಾ ಒಬ್ಬ ಹೇಳ್ತಿದ್ದ, ಆಫ್ರಿಕಾದ ಸುಲ್ಕಾಟಾ ಅಂತ, ಒಂದೊಂದಕ್ಕ ಸಾವಿರಾರು ಹೇಳ್ತಿದ್ರಂತ. ಈಗ ಅವನೇ "ಬೇಕಾದ್ರ ಒಯ್ಯಿ" ಅಂತಾನ.

— ಅಂತಾನ, ಯಾಕಂದ್ರ ಅದು ಬೆಳದು ನಲವತ್ತು ಐವತ್ತು ಕಿಲೋ ಆಗ್ತದ. ಸಣ್ಣದಿದ್ದಾಗ ಅಂಗೈಯಾಗ ಕೂಡ್ತದ, ಆಮ್ಯಾಲ ಅಂಗಳ ಅಗೀತದ, ಕಂಪೌಂಡಿನ ಬುಡ ತೋಡ್ತದ. ಅಮೆರಿಕಾದಾಗ ಅವುಗಳ ಮರಿ ಎಷ್ಟು ಸೋವಿ ಆದುವು ಅಂದ್ರ, ಬಿಟ್ಟುಹೋದ ದೊಡ್ಡ ಆಮಿಗಳನ್ನ ಇಟ್ಟುಕೊಳ್ಳಲಿಕ್ಕೆ ಆಶ್ರಯಧಾಮದವರಿಗೆ ಜಾಗಾ ಸಾಲವಲ್ದು.

— ಹಂಗಾದ್ರ ಮೊದಲ ಅಷ್ಟು ತುಟ್ಟಿ ಯಾಕಿತ್ರಿ? ಹುಚ್ಚು ಮಂದೀನಾ?

— ಹುಚ್ಚಲ್ಲ, ಲೆಕ್ಕ. ಇದನ್ನ ಸರಿಯಾಗಿ ತಿಳ್ಕೋ. ಚೀನಾದ ದಕ್ಷಿಣಕ್ಕ, ಗ್ವಾಂಗ್‌ಶಿ, ಗ್ವಾಂಗ್‌ಡಾಂಗ್ ಕಡೆ, ಮನಿ ಮಾಳಗಿ ಮ್ಯಾಲ ತೊಟ್ಟಿ ಕಟ್ಟಿ ಆಮಿ ಸಾಕೋ ದಂಧೆ ಎದ್ದಿತ್ತು. ಒಂದೊಂದು ಜಾತಿಯ ಮರಿ ಬೆಲಿ ವರ್ಷ ವರ್ಷ ಏರ್ತಾ ಹೋತು. ಕೊಳ್ಳೋರು ಯಾರು? ತಿನ್ನೋರಲ್ಲ, ಪ್ರೀತಿಗೆ ಸಾಕೋರೂ ಅಲ್ಲ. ಮುಂದ ಮರಿ ಮಾಡಿ ಮಾರೋಣ ಅನ್ನೋ ಮಂದಿ. ಅವರಿಂದ ಕೊಳ್ಳೋರೂ ಅಂಥವರೇ. ಆಮಿ ತತ್ತಿ ಇಡೋ ವಯಸ್ಸಿಗೆ ಬರಲಿಕ್ಕೆ ಐದಾರು ವರ್ಷ ಬೇಕಲ್ಲ, ಅಲ್ಲೀತನಾ ಪ್ಯಾಟ್ಯಾಗ ಮರಿ ಕಡಿಮಿ, ಬೆಲಿ ಮ್ಯಾಲೇ. ಐದಾರು ವರ್ಷದ ಹಿಂದ ಕೊಂಡವರ ಆಮಿ ಎಲ್ಲಾ ಒಮ್ಮೆಲೇ ತತ್ತಿ ಇಟ್ಟುವು ನೋಡು, ಮಾರೋರು ಸಾವಿರ ಮಂದಿ, ಕೊಳ್ಳೋರು ಯಾರೂ ಇಲ್ಲ.

— ಎಮು ಹಕ್ಕೀದೂ ಹಿಂಗೇ ಆತಲ್ರಿ! ನಮ್ಮ ಮಾವ ಎಮು ಫಾರ್ಮ್ ಮಾಡಲಿಕ್ಕೆ ಎರಡೆಕರೆ ನೋಡಿ ಬಂದಿದ್ದ. ಪುಣ್ಯಾ, ಬ್ಯಾಂಕಿನವರು ಸಾಲ ಕೊಡಲಿಲ್ಲ.

— ಅದೇ ಗಣಿತ. ತಮಿಳುನಾಡಿನ ಪೆರುಂದುರೈದಾಗ 2012ರಾಗ ಎಮು ಕಂಪನಿ ಮುಳುಗ್ತು. 2019ರಾಗ ನಮ್ಮ ಬಾಜೂಕಿನ ಸಾಂಗ್ಲಿ ಜಿಲ್ಲೆಯ ಇಸ್ಲಾಮ್‌ಪುರದ ಕಡೆಯಿಂದ ಕಡಕ್‌ನಾಥ್ ಕೋಳಿ ಹಗರಣ ಎದ್ದಿತು. ಮರಿ ಮಾರೋದೇ ದಂಧೆ, ಮರಿ ಬೆಳದ ಮ್ಯಾಲ ಏನು ಅನ್ನೋದು ಯಾರೂ ಕೇಳಂಗಿಲ್ಲ. ಆದ್ರ ಕೋಳಿಗೂ ಆಮಿಗೂ ಒಂದು ಫರಕ್ ಅದ. ದರ ಬಿದ್ದ ಕೋಳಿ ಕೊಯ್ದು ತಿನ್ನಬಹುದು. ನಮ್ಮೂರ ಲಿಂಬಿ ನೋಡು, ದರ ಬಿದ್ದಾಗ ಹರಿಯೋ ಕೂಲೀನೂ ಹೊಂಡಂಗಿಲ್ಲ ಅಂತ ರೈತ ಗಿಡದಾಗೇ ಬಿಡ್ತಾನ, ಕೊಳತು ಗೊಬ್ಬರ ಆಗ್ತದ. ಆಮಿ ಕೊಳ್ಯಂಗಿಲ್ಲ, ಮೂವತ್ತು ವರ್ಷ ಬದಕ್ತದ. ಅದರ ದರ ಮೂರೇ ವರ್ಷಕ್ಕ ಸಾಯ್ತದ.

— ನೋಡ್ರಿ, ಹೇಳಿದಂಗೇ ಒಬ್ರು ಬಕೆಟ್ ತಗೊಂಡು ಬಂದ್ರು. ಬರ್ರಿ ಅಕ್ಕಾರ.

— ಅಣ್ಣಾರ, ನಿಮ್ಮ ಕಡೆ ಎರಡು ಆಮಿ ಒಯ್ದಿದ್ದೆ, ನೆನಪೈತೇನು? ಮುದ್ದೇಬಿಹಾಳಕ್ಕ. ಒಂದು ಸತ್ತೋತ್ರಿ. ಇದು ನೋಡ್ರಿ ಹೆಂಗಾಗೇತಿ. ನಾಷ್ಟಾ ಪ್ಲೇಟಿನಷ್ಟು ಆಗೇತಿ, ಕಣ್ಣು ತೆಗಿಯವಲ್ದು, ಉಣ್ಣವಲ್ದು. ದಿನಾ ನೀರು ಬದಲಿ ಮಾಡಿ ಸಾಕಾಗಿ ಹೋತು. ವಾಸನಿ ಅಂದ್ರ ವಾಸನಿ! ನಮ್ಮತ್ತಿ ಇದನ್ನ ಕಾಲುವ್ಯಾಗ ಬಿಟ್ಟು ಬಾ ಅಂತಾರ. ಜೀವ ಕೇಳಲಿಲ್ಲ, ಹಿಂಗೇ ತಂದೆ.

— ಕಾಲುವ್ಯಾಗ ಬಿಡದ ತಂದಿಯಲ್ಲ ತಂಗಿ, ಚೊಲೋ ಮಾಡಿದಿ. ಇಲ್ಲೆ ಬೆಳಕಿಗೆ ಹಿಡಿ. ನೋಡು ತಮ್ಮಾ, ಚಿಪ್ಪಿನ ಅಂಚು ಮ್ಯಾಲಕ್ಕ ಮಡಚಿಕೊಂಡದ. ಒತ್ತಿದ್ರ ಒಳಗ ಹೋಗ್ತದ, ಹಳೇ ಪ್ಲಾಸ್ಟಿಕ್ ಇದ್ದಂಗ. ಬಿಸಲಿಲ್ಲ ಇದಕ್ಕ. ಎಲ್ಲಿ ಇಟ್ಟಿದ್ದಿ ತಂಗಿ?

— ಅಡಗಿಮನಿ ಬಾಜೂಕ, ಬಚ್ಚಲದಾಗ್ರಿ. ಹೊರಗ ಇಟ್ರ ನಾಯಿ ಒಯ್ತಾವಲ್ರಿ.

— ತಿನ್ನಲಿಕ್ಕೆ?

— ಈ ಅಣ್ಣಾರು ಡಬ್ಬಿ ಕೊಟ್ಟಿದ್ರಲ್ರಿ, ಒಣ ಸೀಗಡಿ. ಅದೇ.

— ಬರೇ ಒಣ ಸೀಗಡಿ ತಿಂದು ವಿಟಮಿನ್ ಎ ಕಡಿಮಿ ಬಿದ್ದದ, ಅದಕ್ಕ ಕಣ್ಣಿನ ರೆಪ್ಪಿ ಬಾತಾವ. ಕಣ್ಣು ಕಾಣದ ಆಮಿ ಉಣ್ಣಂಗಿಲ್ಲ. ಇದಕ್ಕ ಸೊಪ್ಪು ಬೇಕು, ಗಜ್ಜರಿ ಬೇಕು, ಸಣ್ಣ ಮೀನು ಬೇಕು. ನೀರಿನಿಂದ ಎದ್ದು ಮೈ ಒಣಗಿಸಿಕೊಳ್ಳಲಿಕ್ಕೆ ಕಲ್ಲು ಬೇಕು. ಅದರ ಮ್ಯಾಲ ಖರೇ ಬಿಸಲು ಬೀಳಬೇಕು. ಕಿಡಕಿ ಗಾಜಿನ ಹಿಂದಿನ ಬಿಸಲು ಉಪಯೋಗ ಇಲ್ಲ. ದನದ ದವಾಖಾನಿಗೆ ತೋರಿಸ್ರಿ. ಮತ್ತ ತಂಗಿ, ಮಕ್ಕಳು ಇದನ್ನ ಮುಟ್ಟಿದ್ರ ಸಾಬೂನು ಹಚ್ಚಿ ಕೈ ತೊಳಸು, ಈ ಬಕೆಟ್ ಅಡಗಿಗೆ ಬಳಸಬ್ಯಾಡ.

— ನನಗ ಬ್ಯಾಡ್ರಿ ಇದು. ಅಣ್ಣಾರೇ ಇಟ್ಕೊಳ್ಳಲಿ. ರೊಕ್ಕ ಕೇಳಂಗಿಲ್ಲ. ಬಕೆಟ್ ಅಷ್ಟು ಕೊಡ್ರಿ, ಬಸ್ ಬಂತು.

— ಹೋದ್ರು. ಈ ತಿಂಗಳದಾಗ ಹಿಂಗ ಬಂದದ್ದು ಇದೊಂದೇ ಅಲ್ರಿ ಸರ್. ಎಲ್ಲಾರೂ ಅಂಗಡೀತನಾ ತರಂಗಿಲ್ಲ. ಬಾಗೇವಾಡಿ ಕಡೆಯವರು ಗುಡಿ ಹೊಂಡದಾಗ ಬಿಡ್ತಾರ, ಪುಣ್ಯ ಬಂತು ಅಂತಾರ. ಬಿಟ್ರ ಏನಾತು ಅಂತ ನನಗೂ ಅನಸ್ತದ. ನೀರಿನ ಪ್ರಾಣಿ, ನೀರಿಗೆ ಹೋತು.

— ಕೇರಳದವರೂ ಹಂಗೇ ಅಂದಿದ್ರು. 2018ರಾಗ ತ್ರಿಶ್ಶೂರಿನ ಕಾಲುವ್ಯಾಗ ಇದೇ ಆಮಿ ಸಿಕ್ತು. ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯವರು, ಬಿಡಬ್ಯಾಡ್ರಿ, ನಮಗ ತಂದು ಕೊಡ್ರಿ ಅಂತ ಜನರನ್ನ ಬೇಡಿಕೊಳ್ಳಬೇಕಾತು. ಬೆಂಗಳೂರಿನ ಕೆರ್ಯಾಗೂ ಅದಾವ. ಜಗತ್ತಿನ 100 ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಮಾಡ್ಯಾರಲ್ಲ, ಅದರಾಗ ಇದರ ಹೆಸರದ. ನಮ್ಮ ಜಿಲ್ಲೆಯ ಕಥಿ ನೋಡು. ಮೊದಲ ಬ್ಯಾಸಗ್ಯಾಗ ಕೆರಿ ಒಣಗಿ ಬಿರುಕು ಬಿಡ್ತಿದ್ದುವು, ಬಿಟ್ಟ ಆಮಿ ಉಳೀತಿರಲಿಲ್ಲ. ಈಗ ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ಆಲಮಟ್ಟಿ ನೀರು ಕೆರಿಗೆ ಬರ್ತದ. ರೈತಗ ಬಂಗಾರ ಅದು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬಾಗೇವಾಡಿ ಹೊಂಡದಾಗ ಬಿಟ್ಟದ್ದು ಮಳಿಗಾಲದಾಗ ಹಳ್ಳ ಹಿಡದು ಹೊರಟ್ರ ಡೋಣಿ, ಡೋಣಿಯಿಂದ ಕೃಷ್ಣಾ.

— ಅಲ್ಲಿ ಮೊದಲೇ ಆಮಿ ಅದಾವಲ್ರಿ. ಮೀನಿನ ಬಲ್ಯಾಗ ಸಿಗ್ತಾವ.

— ಅವುಗಳ ಸಲುವಾಗೇ ನನಗ ಚಿಂತಿ. ಭೀಮಾ-ಕೃಷ್ಣಾದಾಗ ಮೆತ್ತನ ಚಿಪ್ಪಿನ ದೊಡ್ಡ ಆಮಿ ಒಂದದ, ಮೂತಿ ಸೊಂಡಿಯಂಗ ಉದ್ದ. ಲೀತ್‌ನ ಆಮಿ ಅಂತಾರ. 1872ರಾಗ ಗ್ರೇ ಅನ್ನೋ ಬ್ರಿಟಿಷ್ ವಿಜ್ಞಾನಿ ಪುಣೆ ಕಡೆ ಸಿಕ್ಕದ್ದನ್ನ ನೋಡಿ ಹೆಸರಿಟ್ಟ. ಪುಣೆಯ ನೀರು ಎಲ್ಲಿಗೆ ಬರ್ತದ? ಭೀಮಾಕ್ಕ, ನಮ್ಮ ಇಂಡಿ, ಸಿಂದಗಿ ಅಂಚಿಗೆ. ಜಗತ್ತಿನ್ಯಾಗ ನಮ್ಮ ಭಾರತ ಬಿಟ್ರ ಎಲ್ಲೂ ಇಲ್ಲದ ಆಮಿ ಅದು, ಈಗ ಅಳಿವಿನ ಅಂಚಿಗೆ ಬಂದದ. ಅದಕ್ಕ ಪ್ಯಾಟ್ಯಾಗ ಒಂದು ರೂಪಾಯಿ ಬೆಲಿ ಇಲ್ಲ, ಯಾರ ಮನ್ಯಾಗೂ ಫೋಟೋ ಇಲ್ಲ. ಅಮೆರಿಕಾದ ಮುನ್ನೂರು ರೂಪಾಯಿ ಆಮಿ ಬಂದು ಇದರ ಊಟ ತಿಂತದ, ರೋಗಾನೂ ತರಬಹುದು.

— ಸರ್, ಬೆಲಿ ಮಾತು ಬಂತು ಅಂತ ಹೇಳ್ತೀನಿ. ಹೋದ ತಿಂಗಳ ಇಬ್ಬರು ಕಾರಿನ್ಯಾಗ ಬಂದಿದ್ರು. ಇಪ್ಪತ್ತು ಉಗುರಿನ ಆಮಿ ಅದೇನು ಅಂತ ಕೇಳಿದ್ರು. ಇದ್ರ ಲಕ್ಷದ ಮಾತಾಡ್ತೀವಿ ಅಂದ್ರು. ಅದನ್ನ ಮುಂದಿಟ್ಟು ಪೂಜಿ ಮಾಡಿದ್ರ ನಿಧಿ ಕಾಣ್ತದಂತ.

— ನೀ ಏನಂದಿ?

— ಇಲ್ಲ ಅಂದೆ. ಆದ್ರ ರಾತ್ರಿ ನಿದ್ದಿ ಬರಲಿಲ್ರಿ. ಲಕ್ಷ ಅಂದ್ರ...

— ಆ ಬಕೆಟ್ಟಿನ್ಯಾಗ ಬಂದ ಆಮಿ ಎತ್ತು. ಉಗುರು ಎಣಿಸು. ಮುಂಗಾಲಾಗ?

— ಒಂದು, ಎರಡು... ಐದು. ಆ ಕಡೆ ಐದು.

— ಹಿಂಗಾಲಾಗ?

— ನಾಕು. ಇಲ್ಲೂ ನಾಕು. ಹದಿನೆಂಟು!

— ನಮ್ಮ ಅಡವ್ಯಾಗ ಸಿಗೋ ನಕ್ಷತ್ರ ಆಮಿಗೂ ಐದೈದು, ನಾಕ್ನಾಕು, ಹದಿನೆಂಟೇ. ನಮ್ಮ ಹೊಲದ ಬದುವಿನ್ಯಾಗ, ಕೆಸರಿನ್ಯಾಗ ಸಿಗೋ ಮೆತ್ತನ ಚಿಪ್ಪಿನ ಆಮಿಗೆ ಕಾಲಿಗೆ ಮೂರೇ ಉಗುರು, ಒಟ್ಟು ಹನ್ನೆರಡು. ಇಪ್ಪತ್ತು ಉಗುರಿನದ್ದು ಸಿಗೋದಿಲ್ಲ ಅಂತ ತಿಳದೇ ಲಕ್ಷ ಅಂತಾರ. ಸಿಗಲಾರದ್ದಕ್ಕ ಎಷ್ಟು ಬೇಕಾದ್ರೂ ಬೆಲಿ ಹೇಳಬಹುದಲ್ಲ. ಅಡ್ವಾನ್ಸ್ ಇಸಗೊಂಡು ಓಡಿಹೋಗೋ ಮಂದಿ ಅವರು. ಅವರ ಮಾತಿಗೆ ನಡುವ ಸಾಯೋವು ಹನ್ನೆರಡು ಉಗುರಿನವು. ಉಗುರು ಎಣಿಸಲಿಕ್ಕಂತ ಹಿಡದು ಚೀಲದಾಗ ತುಂಬ್ತಾರ.

— ನಕ್ಷತ್ರ ಆಮಿಗೆ ಖರೇನೇ ಬೆಲಿ ಅದ ಅಲ್ರಿ?

— ಅದ, ಅದೂ ವಿದೇಶದಾಗ. ಇಲ್ಲಿ ಅಡವ್ಯಾಗ ಹಿಡಿಯೋ ಬಡವಗ ಸಿಗೋದು ಚಿಲ್ಲರ. ನಮ್ಮ ದೇಶದ ಒಂದೇ ಒಂದು ವ್ಯಾಪಾರದ ನೆಲಿಯಿಂದ ವರ್ಷಕ್ಕ ಕಡಿಮಿ ಅಂದ್ರೂ 55,000 ನಕ್ಷತ್ರ ಆಮಿ ಹೋಗ್ತಾವಂತ 2015ರಾಗ ಸಂಶೋಧಕರು ಬರದ್ರು. 2018ರ ನವೆಂಬರ್‌ದಾಗ ಸಿಂಗಾಪುರದಿಂದ 51 ನಕ್ಷತ್ರ ಆಮಿ ವಿಮಾನದಾಗ ಬೆಂಗಳೂರಿಗೆ ವಾಪಸ್ ಬಂದುವು. ಕಳ್ಳಸಾಗಣೆ ಆಗಿ ಹೋದವು, ತವರಿಗೆ ಬಂದಂಗ ಬಂದುವು. 55,000ದ ಮುಂದ 51 ಏನ್ ಲೆಕ್ಕ ಅಂತ ಕೇಳಬ್ಯಾಡ. 2019ರಾಗ ಅದರ ಅಂತರರಾಷ್ಟ್ರೀಯ ವ್ಯಾಪಾರ ಪೂರ್ತಿ ಬಂದ್ ಮಾಡಿದ್ರು. ಇಲ್ಲೂ ವನ್ಯಜೀವಿ ಕಾಯ್ದೆಗೆ 2022ರಾಗ ತಿದ್ದುಪಡಿ ತಂದು ಮೊದಲನೇ ಪಟ್ಟಿಗೆ ಹಾಕ್ಯಾರ. ಮನ್ಯಾಗ ಇಟ್ಟುಕೊಂಡ್ರೂ ಮೂರು ವರ್ಷಕ್ಕ ಕಡಿಮಿ ಇಲ್ಲದ ಜೇಲು.

— ಹಂಗಾದ್ರ ನಂದೊಂದು ಪ್ರಶ್ನಿ ಅದ. ಸಾಲ್ಯಾಗ ಕೇಳಿದ್ರ ಕೂಡ್ರಿಸ್ತಿದ್ರಿ, ಈಗ ಕೇಳ್ತೀನಿ. ಕೆಂಪುಕಿವಿ ಫಾರ್ಮಿನ್ಯಾಗ ಆಗ್ತದ, ಸೋವಿ ಅದ, ಅದನ್ನ ಯಾರೂ ಕದಿಯಂಗಿಲ್ಲ. ನಕ್ಷತ್ರ ಆಮಿನೂ ಫಾರ್ಮ್ ಮಾಡಲಿಕ್ಕೆ ಸರಕಾರ ಬಿಟ್ರ? ದರ ಮುನ್ನೂರಕ್ಕ ಬರ್ತದ. ಮುನ್ನೂರು ರೂಪಾಯಿ ಮಾಲಿಗೆ ಯಾವ ಕಳ್ಳ ಜೇಲಿಗೆ ಹೋಗ್ತಾನ್ರಿ?

— ಚೊಲೋ ಪ್ರಶ್ನಿ. ಚೀನಾದವರೂ ಇದನ್ನೇ ಹೇಳಿದ್ರು. 2007ರಾಗ ಅಲ್ಲಿನವರೇ ಆದ ಸಂಶೋಧಕರು ಫಾರ್ಮುಗಳನ್ನ ನೋಡಿ ಬಂದು ಉಲ್ಟಾ ಬರದ್ರು. ಫಾರ್ಮಿನವರೇ ಕಾಡಿನ ಆಮಿಯ ದೊಡ್ಡ ಗಿರಾಕಿ. ಪೀಳಿಗಿ ಮ್ಯಾಲ ಪೀಳಿಗಿ ಫಾರ್ಮಿನ್ಯಾಗೇ ಹುಟ್ಟಿದ್ದು ತತ್ತಿ ಕಡಿಮಿ ಇಡ್ತದ ಅಂತ ಅಡವೀವು ಬೇಕು. ಮೂರು ಪಟ್ಟಿಯ ಒಂದು ಜಾತಿ ಅದ, ಅದರಿಂದ ಮಾಡಿದ ಔಷಧಿ ಕ್ಯಾನ್ಸರ್ ಬಿಡಸ್ತದ ಅಂತ ನಂಬಿ ಸಾವಿರಾರು ಡಾಲರ್ ಕೊಡ್ತಾರ. ಫಾರ್ಮಿನ್ಯಾಗ ಬೇಕಾದಷ್ಟು ಅದಾವ, ಅಡವ್ಯಾಗ ಹುಡುಕಿದ್ರೂ ಸಿಗಂಗಿಲ್ಲ. ಮತ್ತ ಖರ್ಚಿನ ಲೆಕ್ಕಾನೂ ಹಾಕು. ನಕ್ಷತ್ರ ಆಮಿ ಸಾಕಿ ದೊಡ್ಡದು ಮಾಡಲಿಕ್ಕೆ ವರ್ಷಗಟ್ಟಲೆ ಹಾಕಬೇಕು. ಅಡವ್ಯಾಗ ಹಿಡೀಲಿಕ್ಕೆ ಒಂದು ಚೀಲ ಸಾಕು.

— ಆದ್ರೂ ಸರ್, ಕೆಂಪುಕಿವಿಯ ಮಟ್ಟಿಗೆ ನನ್ನ ಮಾತು ಸುಳ್ಳಲ್ಲ.

— ಸುಳ್ಳಲ್ಲ. ಅದರ ಮಟ್ಟಿಗೆ ನಿನ್ನ ಮಾತು ನಡೀತದ. ಅದು ಎಲ್ಲಿ ಬೇಕಲ್ಲಿ, ಏನು ಬೇಕದ್ದು ತಿಂದು, ಬೇಗ ದೊಡ್ಡದಾಗಿ ಮರಿ ಹಾಕ್ತದ. ಸೋವಿ ಆದದ್ದೂ ಅದೇ ಗುಣದಿಂದ, ಹೊಳಿಗೆ ಬಿಟ್ರ ಉಳಿಯೋದೂ ಅದೇ ಗುಣದಿಂದ. ತುಟ್ಟಿ ಇದ್ದಾಗ ಅದು ಕಳದುಹೋಗದಂಗ ನೋಡಿಕೊಳ್ತಿದ್ರು. ಆವಾಗ ಗಿರಾಕಿ ನಿನಗ ಫೋನ್ ಮಾಡಿ ಕೇಳ್ತಿದ್ದ ಅಲ್ಲೇನು, ಉಣ್ಣವಲ್ದು, ಏನು ಮಾಡ್ಲಿ ಅಂತ?

— ಮಾಡ್ತಿದ್ರು. ರಾತ್ರಿ ಹನ್ನೊಂದಕ್ಕ ಮಾಡಿದವರಿದ್ರು. ಈಗ ಯಾರೂ ಮಾಡಂಗಿಲ್ಲ. ಸತ್ರ ಇನ್ನೊಂದು ಜೋಡಿ ಒಯ್ತಾರ. ಸಾಯಲಿಲ್ಲ ಅಂದ್ರೇ ತಾಪತ್ರಯ.

— ಹೇಳಿದಿ ನೋಡು ಖರೇ ಮಾತು.

— ಹಂಗಂತ ನಾ ಏನ್ ಮಾಡ್ಲಿ ಸರ್? ನಾ ಬಿಟ್ರ ಬಾಜೂಕಿನವ ಮಾರ್ತಾನ. ಕೆಂಪುಕಿವಿ ಮಾರಬಾರದು ಅಂತ ನನಗ ಯಾರೂ ನೋಟಿಸ್ ಕೊಟ್ಟಿಲ್ಲ.

— ಕೊಟ್ಟಿಲ್ಲ, ಅದೇ ನನ್ನ ಸಿಟ್ಟು. ನಮ್ಮ ಹೊಳಿ ಆಮಿ ಹಿಡದ್ರ ಜೇಲು, ಅದನ್ನ ಸಾಯಿಸೋ ಪರದೇಶದ್ದು ಪ್ಲಾಸ್ಟಿಕ್ ಡಬ್ಬ್ಯಾಗ ಕುಂತು ಮಾರಾಟಕ್ಕದ. ಸರಕಾರ ಮಾಡಿದಾಗ ಮಾಡ್ಲಿ. ನೀ ಬೆಲಿ ಏರಿಸು.

— ಏರಿಸೋದಾ?

— ನಾಕು ಫೂಟಿನ ಗಾಜಿನ ತೊಟ್ಟಿ, ಫಿಲ್ಟರ್, ಕಲ್ಲು, ಬಿಸಲಿನ ಬದಲಿಗೆ ಹಚ್ಚೋ ಯುವಿ ಬಲ್ಬು. ಎಲ್ಲಾ ಕೂಡಿ ಎಷ್ಟಾಗ್ತದ?

— ಏಳು ಎಂಟು ಸಾವಿರ ಹಿಡೀರಿ.

— ಆಮಿ ಬೇಕಂದವಗ ಅದೆಲ್ಲಾ ಕೂಡಿಸೇ ಮಾರು. ಬಿಡಿ ಮರಿ ಕೊಡಬ್ಯಾಡ. ವಾಪಸ್ ತಂದ್ರ ತಗೊಳ್ತೀನಿ ಅಂತ ಬೋರ್ಡು ಬರಸು.

— ಎಂಟು ಸಾವಿರಕ್ಕ ಸಿಂದಗ್ಯಾಗ ಯಾರೂ ಆಮಿ ಒಯ್ಯಂಗಿಲ್ರಿ.

— ಒಯ್ಯದಿದ್ರ ನೀ ತರಿಸಬ್ಯಾಡ.

— ಮತ್ತ ಈಗ ಇರೋವು? ಡಬ್ಬ್ಯಾಗ ಆರು, ಬಕೆಟ್ಟಿಂದು ಒಂದು, ಹಿಂದ ಟಾಕ್ಯಾಗ ದೊಡ್ಡವು ನಾಕು.

— ನೀ ಸಾಕು.

— ಮೂವತ್ತು ವರ್ಷಾನಾ?

— ನಿನಗ ಈಗೆಷ್ಟು ವಯಸ್ಸು?

— ಮೂವತ್ತಾರು.

— ಮತ್ತೇನು, ನಡೀತದ ತಗೋ. ಬಲ್ಬಿಂದು ಒಂದು ನಾ ಕೊಡಸ್ತೀನಿ. ಮೊದಲ ಅದರ ಕಣ್ಣಿಗೆ ಏನರೆ ಹಚ್ಚಿಸಿಕೊಂಡು ಬರೋಣ, ದನದ ಡಾಕ್ಟರು ಐದಕ್ಕ ಎದ್ದು ಹೋಗ್ತಾರ.